ಜೋಡಿ ಕನ್ನಡಿ

೧೯೫೦ರ ಬೇಸಿಗೆಯಲ್ಲಿ ಲಿಂಗಸೂಗೂರಿನ ಜಾಗೀರದಾರರ ಹವೇಲಿಯ ಸಾಮಾನು ಮಾರಾಟಕ್ಕೆ ಬಂತು. ಜಾಗೀರು ಹಿಂದಿನ ವರ್ಷವೇ ರದ್ದಾಗಿತ್ತು. ಯಜಮಾನ ದಸ್ತಗೀರ್‌ಸಾಬ್ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಹೆಂಡತಿ ಜಮೀಲಾಬೀ ರಾಯಚೂರಿನ ತವರುಮನೆಗೆ ಹೊರಟಿದ್ದಳು. ಅವಳ ತಮ್ಮ ನನ್ನೇಸಾಬ ಅಂಗಳದಲ್ಲಿ ಹುಕ್ಕಾ, ಎಲೆಅಡಿಕೆ ಉಗುಳುವ ಪೀಕದಾನಿ, ಗಾಜಿನ ದೀಪಗೊಂಚಲು, ಮೇಣೆ ಎಲ್ಲವನ್ನೂ ಹರವಿಕೊಂಡು ಕೂತಿದ್ದ. ಅವಳು ಒಳಗೆ, ಪರದೆಯ ಹಿಂದೆ.

ಬಂದವರೆಲ್ಲ ಒಂದು ಕಾಲಕ್ಕೆ ಆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತವರೇ. ಈಗ ಚಪ್ಪಲಿ ಮೆಟ್ಟಿಕೊಂಡೇ ಓಡಾಡುತ್ತಿದ್ದರು, ಮೇಣೆಯ ಗಾದಿಯನ್ನು ಹಿಚುಕಿ ನೋಡುತ್ತಿದ್ದರು.

ಮಸ್ಕಿಯಿಂದ ಹತ್ತಿ ವ್ಯಾಪಾರಿ ಸೂಗಪ್ಪ ಹೆಂಡತಿ ಶೇಖರಮ್ಮನ ಜೊತೆ ಬಂದಿದ್ದ. ದಸ್ತಗೀರ್‌ಸಾಬ್‌ನ ಗೆಳೆಯ ಅವನು. ದೀಪಾವಳಿಗೆ ಫರಾಳದ ತಿಂಡಿಬುಟ್ಟಿ ತಪ್ಪದೆ ಕಳಿಸುತ್ತಿದ್ದವನು. ಗಂಡ ಹೊರಗೆ ದೀಪಗೊಂಚಲು ನೋಡುತ್ತಿದ್ದಾಗ ಶೇಖರಮ್ಮ ಜಮೀಲಾಬೀಯನ್ನು ಮಾತಾಡಿಸಲು ಒಳಗೆ ಹೋದಳು. ಗೋಡೆಗೆ ಆನಿಸಿಟ್ಟ ಆಳೆತ್ತರದ ಕನ್ನಡಿ ಕಂಡು ನಿಂತುಬಿಟ್ಟಳು. ಸಾಗುವಾನಿ ಚೌಕಟ್ಟಿನ ಮೇಲೆ ಎಡಕ್ಕೆ ಮುಖ ಮಾಡಿದ ನವಿಲು.

"ಅಯ್ಯ, ಬೀಬೀ! ಥೇಟ್ ಇಂಥಾದ್ದ ನಮ್ಮನ್ಯಾಗ ಐತ್ರಿ! ಅದರ ನವಿಲು ಬಲಕ್ಕ ನೋಡತೈತಿ. ನಮ್ಮವರು ಹೈದರಾಬಾದಿಂದ ತಂದಾರ."

ಜಮೀಲಾಬೀ ಕೇಳಿದಳು: "ಯಾವಾಗ ತಂದಾರವ್ವಾ?"

"ಪೊಲೀಸ್ ಆ್ಯಕ್ಷನ್ ಆದ ವರ್ಷ..." ಮಾತು ಶೇಖರಮ್ಮನ ಬಾಯಲ್ಲೇ ನಿಂತಿತು.

ನಿಜಾಮನ ರಾಜ್ಯಕ್ಕೆ ಸೈನ್ಯ ನುಗ್ಗಿದ ಆ ಗದ್ದಲದಲ್ಲಿ ಜಮೀಲಾಬೀ ಮುದುಕಿ ಅತ್ತೆಯನ್ನು ಕರೆದುಕೊಂಡು ಮುದಗಲ್ಲಿಗೆ ಓಡಿದ್ದಳು. ಹಿಂತಿರುಗಿದಾಗ ಅರ್ಧ ಮನೆ ಬರಿದಾಗಿತ್ತು. ಯಾರೋ ಹೊರಗಿನವರು ಬಂದು ಲೂಟಿ ಮಾಡಿದರು ಎಂದು ಆಗ ಸಮಾಧಾನ ಹೇಳಿದ್ದವನು ಇದೇ ಸೂಗಪ್ಪ.

ಜಮೀಲಾಬೀ ಪರದೆ ಸರಿಸಿ ಅಂಗಳಕ್ಕೆ ಬಂದಳು. ಪರಗಂಡಸರ ಎದುರು ಅವಳು ಹೀಗೆ ನಿಂತದ್ದು ಯಾರಿಗೂ ನೆನಪಿರಲಿಲ್ಲ.

"ಸೂಗಪ್ಪಣ್ಣ, ಒಳಗ ಒಂದು ಕನ್ನಡಿ ಉಳದೈತಿ. ಅದರ ಜೋಡಿ ನಿಮ್ಮನ್ಯಾಗ ಐತಂತ. ಇದನ್ನೂ ಒಯ್ಯಿರಿ. ಅದಕ್ಕ ಏನೂ ಕೊಟ್ಟಿಲ್ಲ, ಇದಕ್ಕೂ ಕೊಡಬ್ಯಾಡ್ರಿ."

ಅವನು ತಲೆ ತಗ್ಗಿಸಿ ಹೊರಟುಹೋದಾನು ಎಂದು ನನ್ನೇಸಾಬ ಅಂದುಕೊಂಡ. ಸೂಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ ಗಾಡಿ ಹೊಡೆಯುವವನನ್ನು ಕೂಗಿದ: "ಹುಲ್ಲು ಹಾಸಲೇ. ಒಡದೀತು, ಹುಷಾರಿ."

ಜಮೀಲಾಬೀ ಕನ್ನಡಿ ಗಾಡಿ ಏರುವವರೆಗೂ ಅಲ್ಲೇ ನಿಂತಿದ್ದಳು. ಶೇಖರಮ್ಮ ಅವಳ ಕೈ ಹಿಡಿಯಲು ಹೋದಳು. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು.

ಮರುವರ್ಷ ಸೂಗಪ್ಪನ ಮಗಳ ಮದುವೆ. ಪಡಸಾಲೆಯ ಬಾಗಿಲಿನ ಎರಡೂ ಕಡೆ ನವಿಲುಗಳು ಎದುರುಬದುರಾಗಿದ್ದವು. ಬೀಗರು ಮೆಚ್ಚಿ, ಎಲ್ಲಿಯವು ಎಂದು ಕೇಳಿದರು.

"ಲಿಂಗಸೂಗೂರ ಹವೇಲಿ ಹರಾಜಿನ್ಯಾಗ ತಗೊಂಡೆ," ಎಂದ ಸೂಗಪ್ಪ. "ಎರಡೂ."

ಎಲೆ ಅಡಿಕೆ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಶೇಖರಮ್ಮ ಬೀಗರ ಮುಂದೆ ತಟ್ಟೆ ಇಟ್ಟು ಒಳಗೆ ಹೋದಳು.