ಅಪ್ಪನ ಚೌಕಳಿ

ಗಂಡಸರ ನೆರಿಗೆಯುಡುಪಾದ ಕಿಲ್ಟು ಹೊಲಿಯುವುದನ್ನು ಕಲಿಸುತ್ತಿದ್ದ ಮಿಸೆಸ್ ಪೆಟ್ರಿ ಬಟ್ಟೆಯ ಥಾನು ಬಿಚ್ಚಿ ಹಾಸಿದ ಕೂಡಲೇ ಇಷ್ಬೆಲ್ ಒಂದು ಹೆಜ್ಜೆ ಹಿಂದೆ ಸರಿದಳು. ಕಡುಹಸಿರು, ನೀಲಿ ಚೌಕಳಿ, ನಡುವೆ ತೆಳುವಾದ ಹಳದಿ ಗೆರೆ. ಅಂಗಡಿಯಲ್ಲಿದ್ದದ್ದು ಹೊಸ ಉಣ್ಣೆಯ ವಾಸನೆ ಮಾತ್ರ. ಆದರೂ ಅವಳು ಮೂಗು ಮುಚ್ಚಿಕೊಂಡಳು.

"ಇದೇ! ನಮ್ಮ ಕುಲದ ಚೌಕಳಿ," ಎಂದ ತಮ್ಮ ರೂರಿ. "ಅಕ್ಕಾ, ನೀನು ಹೊಲಿಯೋ ಮೊದಲ್ನೇ ಕಿಲ್ಟು ಇದ್ರಲ್ಲೇ ಆಗ್ಬೇಕು. ನನ್ನ ಮದ್ವೆ ದಿನ ಎಲ್ರೂ ಬಾಯಿ ಬಿಟ್ಕೊಂಡು ನೋಡ್ಬೇಕು."

"ಮೊದಲ್ನೇದಲ್ವಾ, ನೆರಿಗೆ ಸೊಟ್ಟ ಆಗಿರತ್ತೆ. ಬಾಯಿ ಬಿಟ್ಟೇ ಬಿಡ್ತಾರೆ ಬಿಡಪ್ಪ," ಎಂದು ಮಿಸೆಸ್ ಪೆಟ್ರಿ ನಕ್ಕಳು.

ರೂರಿ ಬಟ್ಟೆಯ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಕಾಲಗಲಿಸಿ, ಗಲ್ಲ ಎತ್ತಿ ಕನ್ನಡಿಯ ಮುಂದೆ ನಿಂತ. ಶನಿವಾರದ ಕುಣಿತಕ್ಕೆ ಹೊರಡುವ ಮೊದಲು ಅಪ್ಪ ಇದೇ ಚೌಕಳಿಯ ಕಿಲ್ಟು ತೊಟ್ಟು ಹೀಗೇ ನಿಲ್ಲುತ್ತಿದ್ದ. ಮರಳಿ ಬಂದಾಗ ವಿಸ್ಕಿ, ವಾಂತಿ, ಉಚ್ಚೆ ಎಲ್ಲವೂ ನೆರಿಗೆಗಳ ಒಳಗಿರುತ್ತಿದ್ದವು. ಮರುದಿನ ಅಮ್ಮ ಒದ್ದೆ ಉಣ್ಣೆಯ ಮೇಲೆ ಬಾಗಿ ನೆರಿಗೆ ಬಿಡಿಸಿ ಬಿಡಿಸಿ ಬ್ರಶ್ಶಿನಿಂದ ತಿಕ್ಕುತ್ತಿದ್ದಳು. ಬಕೆಟ್ಟು ಹಿಡಿಯುವುದು ಇಷ್ಬೆಲ್‌ಳ ಕೆಲಸ. ಪುಟ್ಟ ರೂರಿ ಮಲಗಿರುತ್ತಿದ್ದ.

ಈಗ ತಮ್ಮನ ಅಗಲ ಬೆನ್ನು ಕಂಡೂ ಅವಳಿಗೆ ಹೇಸಿಗೆಯಾಯಿತು. ಹಾಗಾದದ್ದಕ್ಕೆ ತನ್ನ ಮೇಲೂ.

"ನಾನು ಇದನ್ನ ಮುಟ್ಟಲ್ಲ ಕಣೋ. ಅಲ್ಲಿರೋ ಆ ಸಾದಾ ಕಂದು ಬಟ್ಟೇಲಿ ಬೇಕಾದ್ರೆ ಹೊಲಿದು ಕೊಡ್ತೀನಿ."

"ಗತಿಗೆಟ್ಟೋನ ಥರ ಚೌಕಳೀನೇ ಇಲ್ದೆ ಮದ್ವೆ ಆಗ್ಲಾ? ಬೇಡ ಬಿಡು, ಇದೇ ಬಟ್ಟೇದು ಬಾಡಿಗೆಗೆ ಸಿಗತ್ತೆ. ಸತ್ತು ಮಣ್ಣಾದ್ರೂ ಅಪ್ಪ ಅಂದ್ರೆ ಅಷ್ಟು ಅಸಹ್ಯಾನಾ ನಿಂಗೆ?"

"ಹೂಂ, ಅಸಹ್ಯ. ಮದ್ವೆ ದಿನ ಅಮ್ಮ ಚರ್ಚಲ್ಲಿ ಮೊದಲ್ನೇ ಸಾಲಲ್ಲಿ ಕೂತಿರ್ತಾಳೆ ರೂರಿ. ಅವ್ನು ಇದೇ ಚೌಕಳಿ ಮೇಲೆ ಕಕ್ಕಿದ್ದು, ಉಚ್ಚೆ ಹೊಯ್ಕೊಂಡಿದ್ದು, ಎಲ್ಲಾ ತೊಳೆದ ಕೈ ಅವಳದ್ದು."

ಮಿಸೆಸ್ ಪೆಟ್ರಿ ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದಳು.

ರೂರಿ ಕನ್ನಡಿಯನ್ನೇ ನೋಡುತ್ತಿದ್ದ. "ಅಮ್ಮ ಇಸ್ತ್ರಿ ಹಾಕ್ತಿದ್ದಿದ್ದು ನೆನಪಿದೆ," ಎಂದ ಕೊನೆಗೆ. "ಒದ್ದೆ ಬಟ್ಟೆ ಹಾಸಿ, ಒಂದೊಂದೇ ನೆರಿಗೆ ಒತ್ತೋಳು. ಅವ್ನ ಮೇಲೆ ಎಷ್ಟು ಪ್ರೀತಿ ಅಂದ್ಕೊಂಡಿದ್ದೆ."



ಅವನು ಸೊಂಟದ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಬಿಟ್ಟ. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಕಂದು ಥಾನಿನ ಹತ್ತಿರ ಹೋಗಿ ಅದರ ನೇಯ್ದ ಅಂಚನ್ನು, ಕಿಲ್ಟಾದಾಗ ಮಡಚಿ ಹೊಲಿಯದೆ ಹಾಗೇ ಮೊಣಕಾಲಿಗೆ ತಾಗುವ ಆ ಅಂಚನ್ನು, ಬೆರಳಿನಿಂದ ಮೆಲ್ಲಗೆ ಸವರುತ್ತ ನಿಂತ.