ಸೇರಕ್ಕಿ ಚೆಲ್ಲಿದ ಬಗೆ

ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಮದುಮಗಳು ಬಲಗಾಲಿನಿಂದ ನೂಕಿದಾಗ ಅಕ್ಕಿ ಹೇಗೆ ಚೆಲ್ಲಿತೆಂದು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ಕಾಲಿನ ಮೇಲೆ. ಆ ಕಾಲು ಮನೆಗೆ ಏನು ತಂದಿತು, ಏನು ಕೊಂಡೊಯ್ದಿತು ಎಂಬ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಕಾಲ್ಗುಣವೆಂದು ಹೆಸರು.

ಮಂದಾಕಿನಿಯ ಕಾಲು ಇನ್ನೂ ಯಾವ ಹೊಸ್ತಿಲನ್ನೂ ದಾಟುವ ಮೊದಲೇ ಅದರ ಗುಣ ಊರಿಗೆಲ್ಲ ತಿಳಿದುಹೋಗಿತ್ತು. ಆಕೆ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ನಾನೂ ಅದೇ ವಿಭಾಗದಲ್ಲಿದ್ದೆ. ಮೊದಲ ನಿಶ್ಚಿತಾರ್ಥವಾದ ಕೆಲವೇ ದಿನಗಳಲ್ಲಿ ಗಂಡಿನ ಅಜ್ಜ ತೀರಿಕೊಂಡರು. ಎರಡನೆಯದಾದ ಮೇಲೆ ಗಂಡಿನ ಸೋದರಮಾವ. ಅಜ್ಜನ ಕಾಯಿಲೆ ಹಳೆಯದು, ಮಾವನದು ಅಪಘಾತ. ಎರಡು ಸಂಬಂಧಗಳೂ ಮುರಿದವು. "ಇದು ಕಾಲಿನ ಗುಣವಲ್ಲ, ಕಾಲದ ಗುಣ" ಎಂದು ನಾನು ಸ್ಟಾಫ್ ರೂಮಿನಲ್ಲಿ ಒಂದು ಮಾತು ಎಸೆದೆ. ಯಾರೂ ನಗಲಿಲ್ಲ. "ಅಕ್ಷರ ಬದಲಾಯಿಸಿದ್ರೆ ಊರು ಬದಲಾಗಲ್ಲ ಕಣ್ರೀ" ಎಂದಳು ಮಂದಾಕಿನಿ.

ಮೂರನೆಯವನು ರಸಾಯನಶಾಸ್ತ್ರದ ಇಂದುಧರ. ಅವನಿಗೆ ಆಕೆಯ ಮೇಲೆ ಮನಸ್ಸಿತ್ತು, ಆಕೆಗೂ ಅವನ ಮೇಲೆ. ಆದರೆ ತಾಯಿ ಪುಟ್ಟಗೌರಮ್ಮನವರ ಬಾಯಿಂದ ಹೂಂ ಬಾರದೆ ಅವನು ಹೆಜ್ಜೆ ಎತ್ತುವವನಲ್ಲ. "ಹುಡುಗೀನ ಮನೇಲಿ ನೋಡೋದು ಬೇಡ, ಅಲ್ಲಿ ಎಲ್ಲರೂ ತಲೆ ತಗ್ಗಿಸಿಕೊಂಡೇ ಕೂತಿರ್ತಾರೆ" ಎಂದು ಆಕೆ ಒಂದು ಮಧ್ಯಾಹ್ನ ಕಾಲೇಜಿಗೇ ಬಂದುಬಿಟ್ಟರು.

ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಕರೆತಂದ ಇಂದುಧರನಿಗೂ ನನಗೂ, "ನೀವು ಮೊದಲು ನಡೀರಪ್ಪಾ" ಎಂದರು. ಇಂದುಧರ ಹೋದ.

"ತಾವು ಹಿರಿಯರು" ಎಂದೆ ನಾನು.

"ನಡೀರಿ ಅಂದೆನಲ್ಲಾ."

ಹೋದೆ. ನಮ್ಮ ಹಿಂದಿದ್ದ ಅಟೆಂಡರ್ ಕೂಡ ಒಳಗೆ ಬಂದ ಮೇಲೆ, ಕಟ್ಟಕಡೆಯವರಾಗಿ ಆಕೆ ಬಂದರು. ಆ ದನಿ, ಕೈ ಬೀಸಿದ ರೀತಿ, ಕತ್ತಿನ ಆ ಕೊಂಕು ನನಗೆ ಬಹಳ ಹಿಡಿಸಿ, ಸಂಜೆ ಸ್ಟಾಫ್ ರೂಮಿನಲ್ಲಿ ಆಡಿ ತೋರಿಸಬೇಕೆಂದು ಒಳಗೊಳಗೇ ಅಭ್ಯಾಸ ಮಾಡಿಕೊಂಡೆ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಅವರ ಸ್ಕೂಟರಿನ ಕೆಮ್ಮಿನವರೆಗೆ ನನ್ನ ಗಂಟಲಿನಲ್ಲಿ ಎಲ್ಲಕ್ಕೂ ಜಾಗವಿತ್ತು.

ಒಳಗಿದ್ದ ಮಂದಾಕಿನಿಯೆದುರು ಪುಟ್ಟಗೌರಮ್ಮನವರು ಸುತ್ತಿ ಬಳಸಲಿಲ್ಲ. "ನೋಡಮ್ಮಾ, ಒಂದು ಸಲ ಆದ್ರೆ ಗ್ರಹಚಾರ ಅನ್ನಬಹುದು. ಅದರ ಬೆನ್ನಿಗೇ ಇನ್ನೊಂದಾದ್ರೆ ಏನನ್ನೋದು?"

ಮಂದಾಕಿನಿ ವಾದಕ್ಕಿಳಿಯಲಿಲ್ಲ. "ಅಮ್ಮಾ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ತೀರಾ? ಎರಡು ಸದ್ದು ಕೇಳಿಸ್ತೀನಿ. ಒಂದು ತಾನಾಗೇ ಆಗೋದು, ಇನ್ನೊಂದು ಯಾರೋ ಬೇಕಂತ ಮಾಡೋದು. ಯಾವುದು ಯಾವುದು ಅಂತ ನೀವೇ ಹೇಳಿ."

ಮೊದಲು ಗೈಗರ್ ಕೌಂಟರನ್ನು ಹಚ್ಚಿದಳು. ಮುಂದಿಟ್ಟ ವಿಕಿರಣ ಸೂಸುವ ಚೂರಿನಲ್ಲಿ ಪರಮಾಣುಗಳು ಒಡೆಯುತ್ತಿರುತ್ತವೆ; ಅವುಗಳ ಕಿಡಿ ತಾಗಿದಾಗಲೆಲ್ಲ ಯಂತ್ರ ಟಿಕ್ ಎನ್ನುತ್ತದೆ. ಟಿಕ್. ಟಿಕ್‌ಟಿಕ್. ಬಹಳ ಹೊತ್ತು ಏನೂ ಇಲ್ಲ. ಟಿಕ್‌ಟಿಕ್‌ಟಿಕ್. ಆಮೇಲೆ ಅದನ್ನು ಆರಿಸಿ ನನ್ನತ್ತ ಹುಬ್ಬು ಹಾರಿಸಿದಳು. ನಾನು ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಟಿಕ್ಕಿಸತೊಡಗಿದೆ. ದನಿ ಥೇಟ್ ಯಂತ್ರದ್ದೇ. ಎರಡು ಕೂಡಿ ಬಂದರೆ ಕೃತಕವೆನಿಸೀತೆಂದು ಜೋಪಾನವಾಗಿ ಅಂತರ ಬಿಟ್ಟೆ; ತೀರ ಸುಮ್ಮನಾದರೆ ಅನುಮಾನ ಬಂದೀತೆಂದು ಬೇಗ ಬೇಗ ತುಂಬಿದೆ.

ಪುಟ್ಟಗೌರಮ್ಮನವರು ಕಣ್ಣು ತೆರೆಯದೆಯೇ ತೀರ್ಪಿತ್ತರು. "ಎರಡನೇದೇ ತಾನಾಗಿ ಆಗಿದ್ದು. ಮೊದಲನೇದರಲ್ಲಿ ಯಾರದೋ ಕೈವಾಡ ಇದೆ. ಇಲ್ದಿದ್ರೆ ಒಂದರ ಬೆನ್ನಿಗೆ ಒಂದು ಹಾಗೆ ಯಾಕೆ ಬರುತ್ತೆ?"

"ಎರಡನೇದು ಇವರ ನಾಲಗೆ ಅಮ್ಮಾ" ಎಂದು ಮಂದಾಕಿನಿ ನನ್ನನ್ನು ತೋರಿಸಿದಳು. ಸಾಕ್ಷಿಗೆಂದು ನಾನು ಇನ್ನೊಂದು ಟಿಕ್ ಕೊಟ್ಟೆ. "ಯಾರ ಕೈಯೂ ಇಲ್ಲದ್ದು ಮೊದಲನೇದೇ. ಯಾವ ಪರಮಾಣು ಯಾವಾಗ ಒಡೆಯುತ್ತೆ ಅನ್ನೋದು ಆ ಪರಮಾಣುವಿಗೂ ಗೊತ್ತಿಲ್ಲ. ಸಂಭವ ಎಷ್ಟು ಅಂತ ಹೇಳಬಹುದು, ಅಷ್ಟೇ. ಹಿಂದಿನ ಟಿಕ್ಕಿಗೂ ಮುಂದಿನದಕ್ಕೂ ಮಾತುಕತೆ ಇಲ್ಲ. ಅದಿಲ್ಲದ್ದಕ್ಕೇ ಕೆಲವು ಸಲ ಜೊತೆಜೊತೆಗೆ ಬರ್ತವೆ, ಕೆಲವು ಸಲ ಬರೋದೇ ಇಲ್ಲ." ಮೇಲಕ್ಕೆ ಕೈ ತೋರಿಸಿ, "ವಿಶ್ವದ ಶುರುವಿನಲ್ಲೂ ಹೀಗೇ ಒಂದಿಷ್ಟು ಏರುಪೇರು ತಾನಾಗಿ ಆಗಿತ್ತು ಅಂತೀವಿ. ಒಂದು ಕಡೆ ದ್ರವ್ಯ ಕೂದಲೆಳೆಯಷ್ಟು ಹೆಚ್ಚು, ಒಂದು ಕಡೆ ಕಮ್ಮಿ. ಹೆಚ್ಚಿದ್ದ ಕಡೆ ಬರಬರ್ತಾ ನಕ್ಷತ್ರಗಳು ಕೂಡಿಕೊಂಡವು. ಇವರ ಟಿಕ್ಕಿನ ಹಾಗೆ ಎಲ್ಲಾ ಕಡೆ ಸಮನಾಗಿ ಹರಡಿಕೊಂಡಿದ್ದಿದ್ರೆ ನೀವೂ ಇಲ್ಲ, ನಾನೂ ಇಲ್ಲ" ಎಂದಳು.

"ಹಾಗಾದ್ರೆ ನೀನು ಬಂದ್ಮೇಲೆ ನಮ್ಮನೇಲಿ ಏನೂ ಆಗಲ್ಲ ಅಂತೀಯಾ?"

"ಹಾಗೆ ಹೇಳಲಾರೆ ಅಮ್ಮಾ. ಆಗಬಹುದು. ನನ್ನಿಂದ ಆಗಲ್ಲ. ಅಷ್ಟು ಹೇಳಬಲ್ಲೆ."

ಇಂದುಧರ ಹಣೆ ಮುಟ್ಟಿಕೊಂಡ. ಆಕೆ ಒಂದು ಸುಳ್ಳು ಹೇಳಿದ್ದರೆ ಕೆಲಸ ಆಗಿಬಿಡುತ್ತಿತ್ತು.

ಪುಟ್ಟಗೌರಮ್ಮನವರು ಯಂತ್ರದ ಹತ್ತಿರಕ್ಕೆ ಸರಿದರು. ಆಮೇಲೆ, "ಇನ್ನೊಂದು ಸಲ ಹಾಕಮ್ಮಾ ಅದನ್ನ" ಎಂದರು. ಯಂತ್ರ ತನ್ನ ಪಾಡಿಗೆ ಟಿಕ್ಕಿಸತೊಡಗಿತು. ಅದನ್ನು ಕೇಳುತ್ತಲೇ ಆಕೆ ಹೇಳಿದರು: "ನಾನು ಸೇರಕ್ಕಿ ಒದ್ದು ಒಳಗೆ ಬಂದ ದಿನಾನೇ ನಮ್ಮ ಮಾವನವರು ಹೋದ್ರು. ಚೆಲ್ಲಿದ ಅಕ್ಕೀನ ಇನ್ನೂ ಬಳಿದಿರಲಿಲ್ಲ. ಯಾರೂ ಬೈಲಿಲ್ಲ. ಅತ್ತೆ ಒಂದೇ ಮಾತು ಅಂದ್ರು. ಇನ್ಮೇಲೆ ಎಲ್ಲೇ ಹೋಗು, ಎಲ್ಲರೂ ಒಳಗೆ ಹೋದ್ಮೇಲೆ ನೀನು ಹೋಗಮ್ಮ, ಅಂತ."

ಮಂದಾಕಿನಿಯ ಕಡೆ ತಿರುಗಿದರು. "ಅದೂ ನನ್ನಿಂದ ಅಲ್ಲ ಅಂತೀಯಾ?"

"ಅಲ್ಲಮ್ಮಾ."

ಯಂತ್ರ ಎರಡು ಸಲ ಟಿಕ್‌ಟಿಕ್ ಎಂದು ಸುಮ್ಮನಾಯಿತು.

ಅಂದು ಸಂಜೆ ಸ್ಟಾಫ್ ರೂಮಿನಲ್ಲಿ, "ಏನ್ರೀ, ಇವತ್ತು ಯಾರ ದನಿ ಸಿಕ್ತು?" ಎಂದು ಕೇಳಿದವರಿಗೆ ಪ್ರಿನ್ಸಿಪಾಲರ ಸ್ಕೂಟರನ್ನೇ ಮತ್ತೆ ಕೇಳಿಸಿದೆ.

ಮದುವೆಯಾಯಿತು. ಇಂದುಧರನ ಮನೆಯ ಬಾಗಿಲಲ್ಲಿ ಅವನ ಚಿಕ್ಕಮ್ಮ ಆರತಿ ಎತ್ತಿದರು. ಪುಟ್ಟಗೌರಮ್ಮನವರು ಎಂದಿನಂತೆ ನೆಂಟರೆಲ್ಲರ ಹಿಂದೆ, ಅಂಗಳದ ತುದಿಯಲ್ಲಿ ನಿಂತಿದ್ದರು. ಮಂದಾಕಿನಿ ಸೇರನ್ನು ನೂಕಿದಳು. ಎಲ್ಲರೂ ಕಾಲು ನೋಡಿದರು. ಆಗ ಹಿಂದಿನಿಂದ ಜನರನ್ನು ಸರಿಸಿಕೊಂಡು ಪುಟ್ಟಗೌರಮ್ಮನವರು ಮುಂದೆ ಬಂದು, ಬಾಗಿ, ಅಕ್ಕಿಯನ್ನು ನೋಡಿದರು. ಅದು ಒಂದೆಡೆ ರಾಶಿಯಾಗಿ, ಒಂದೆಡೆ ನಾಲ್ಕೇ ಕಾಳಾಗಿ, ಗೋಡೆಯ ಬುಡದವರೆಗೂ ಚೆಲ್ಲಿಕೊಂಡಿತ್ತು. ನಡುವೆ ಒಂದು ಪಾದ ಹಿಡಿಸುವಷ್ಟು ಜಾಗ ಬರಿದಾಗಿ ಉಳಿದಿತ್ತು. ಆಕೆ ಸೊಸೆಯ ಕೈ ಹಿಡಿದು, ಎಲ್ಲರಿಗಿಂತ ಮೊದಲು, ಅಲ್ಲಿ ಕಾಲಿಟ್ಟರು.