ಸೊನ್ನೆ ಬರಬೇಕಿತ್ತು

ಮೋಹನ್‌ಬಾಬುವಿಗೆ ಸಿಟ್ಟು ಬಂದರೆ ಯಾರ ಮೇಲಾದರೂ ಹರಿಯಲೇಬೇಕು. ಗೌರಿ ಹಬ್ಬದ ಆ ಬೆಳಿಗ್ಗೆ ಅದಕ್ಕೆ ಸಿಕ್ಕವನು ಹೆಂಡತಿಯ ಅಣ್ಣ ಚಲಪತಿ.

ಅಪ್ಪ ಅಮ್ಮ ತೀರಿಹೋದ ಮೇಲೆ ಕವಿತಳಿಗೆ ತವರು ಅಂತ ಉಳಿದಿದ್ದು ಈ ಅಣ್ಣನೊಬ್ಬನೇ. ಚಿಂತಾಮಣಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ. ತಂಗಿಗೆ ಬಾಗಿನ ಕೊಡಲು ಶಿಡ್ಲಘಟ್ಟಕ್ಕೆ ಬಂದವನು, ಹಿಂದಿನ ದಿನದಿಂದ ಸ್ಟಾರ್ಟ್ ಆಗದೆ ನಿಂತಿದ್ದ ಮೋಹನ್‌ಬಾಬುವಿನ ಟ್ಯಾಕ್ಸಿಗೆಂದು ಹೊಸ ಕ್ರ್ಯಾಂಕ್ ಸೆನ್ಸರ್ ಕೂಡ ತಂದಿದ್ದ. ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಹೆಬ್ಬೆರಳುದ್ದದ ಸಾಮಾನು ಅದು. ಮೋಹನ್‌ಬಾಬು ಹಾಕಿ ನೋಡಿದ. ಕಾರು ಸ್ಟಾರ್ಟ್ ಆಗಲಿಲ್ಲ.

ಸೆನ್ಸರನ್ನು ಕಿತ್ತು, ಅದರ ಎರಡು ಪಿನ್ನಿಗೆ ಮಲ್ಟಿಮೀಟರಿನ ಕೆಂಪು, ಕಪ್ಪು ಮುಳ್ಳುಗಳನ್ನು ಒತ್ತಿದ. ಐನೂರು ಚಿಲ್ಲರೆ ಓಮ್ ತೋರಿಸಬೇಕಾದಲ್ಲಿ ಎಡಮೂಲೆಯಲ್ಲಿ ಬರೀ ಒಂದು ಎಂಬ ಅಂಕಿ ನಿಂತಿತು. ಒಳಗೆ ತಂತಿ ಹರಿದಿದೆ ಎಂದರ್ಥ.

"ಬನ್ನಿ ಬಾವ, ನೋಡಿ. ತಂಗಿ ಮನೆಗೇ ಡೂಪ್ಲಿಕೇಟ್ ಮಾಲು ತಂದಿದ್ದೀರಲ್ಲ."

"ಅಂಗಡೀಲಿ ನಾನೇ ನೋಡಿ ತಂದಿದ್ದು ಮೋಹನಪ್ಪ. ಇನ್ನೊಂದು ಸಲ ನೋಡು."

"ಮೀಟರ್ ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ. ಬಾಗಿನದಲ್ಲಿರೋ ಅರಿಶಿನಾನಾದ್ರೂ ಅಸಲೀನಾ?"

ಬೀದಿಯ ಹೆಂಗಸರೆಲ್ಲ ರಂಗೋಲಿ ಬಿಟ್ಟು ಇತ್ತ ನೋಡಿದರು. ಚಲಪತಿ ಮುಖ ಕಪ್ಪಿಟ್ಟಿತು. ಬಾಗಿನದ ಮೊರಗಳನ್ನು ಜಗಲಿಯ ಮೇಲಿಟ್ಟು, "ಪೋನೀಲೇಮ್ಮ, ಹೋಗ್ಲಿ ಬಿಡು" ಎಂದು ತಂಗಿಗಷ್ಟೇ ಹೇಳಿ, ಒಂದು ಲೋಟ ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಕವಿತಳ ಸಿಟ್ಟು ಗಂಡನ ಸಿಟ್ಟಿನ ಹಾಗೆ ಕೂಗಾಡುವಂಥದ್ದಲ್ಲ. ಬಂದವಳೇ ಅವನ ಕೈಯಿಂದ ಮೀಟರು ಕಿತ್ತುಕೊಂಡಳು.

"ಇದನ್ನ ತಂದ ದಿನ ನಂಗೇನು ಪಾಠ ಹೇಳಿದ್ರಿ?"

"ಏನೇ ಹೇಳಿದ್ದೆ?"

"'ಮೊದಲು ಎರಡು ಮುಳ್ಳೂ ಒಂದಕ್ಕೊಂದು ಮುಟ್ಟಿಸ್ಬೇಕು ಕಣೇ, ಸೊನ್ನೆ ಬಂದ್ರೆ ಮೀಟರ್ ಸರಿಯಿದೆ' ಅಂತ. ಬೀದಿಗೆಲ್ಲ ತೋರಿಸ್ಕೊಂಡು ಓಡಾಡಿದ್ರಲ್ಲ."

ಮುಟ್ಟಿಸಿದಳು. ಸೊನ್ನೆ ಬರಲಿಲ್ಲ. ಎಡಮೂಲೆಯ ಆ ಒಂದು ಅಲ್ಲಾಡಲೇ ಇಲ್ಲ.

ಕೆಂಪು ಮುಳ್ಳಿನ ವಯರು ಬುಡದ ಹತ್ತಿರ ಒಳಗೇ ತುಂಡಾಗಿತ್ತು. ಕಾರು ಸ್ಟಾರ್ಟ್ ಆಗದ ಸಿಟ್ಟಿಗೆ ಹಿಂದಿನ ದಿನ ಮೀಟರನ್ನು ಬಿಸಾಕಿದವನು ಅವನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನಲ್ಲ, ಬಾಗಿನ ತಂದವನನ್ನೇ ಡೊಂಕು ಎಂದಿದ್ದ. ತುಂಡಾದ ಕಡೆ ಬೆರಳಿಂದ ಒತ್ತಿಹಿಡಿದು ಸೆನ್ಸರನ್ನು ಮತ್ತೆ ನೋಡಿದ. ಐನೂರ ನಲವತ್ತು. ಚಿನ್ನದಂಥ ಮಾಲು. ಅದನ್ನು ಮತ್ತೆ ಕಾರಿಗೆ ಹಾಕಿ, ಮೊದಲ ಸಲ ಆತುರದಲ್ಲಿ ಅರ್ಧಕ್ಕೇ ಬಿಟ್ಟಿದ್ದ ಅದರ ವಯರಿನ ಸಾಕೆಟ್ಟನ್ನು ಈಗ ಟಕ್ಕೆನ್ನುವ ತನಕ ಒತ್ತಿ ಕೂರಿಸಿದ. ಬೀಗದಕೈ ತಿರುಗಿಸಿದ್ದೇ ತಡ, ಕಾರು ಸ್ಟಾರ್ಟ್ ಆಯಿತು.

"ಹತ್ತೇ ಕವಿತ, ಚಿಂತಾಮಣಿ ಸೇರೋದ್ರೊಳಗೆ ಬಸ್ ಹಿಡಿಯಣ. ಬಾವನ್ನ ಕರ್ಕೊಂಡ್ ಬರಣ."

ಕವಿತ ಚಪ್ಪಲಿ ಮೆಟ್ಟಿ, ಮೊರಗಳನ್ನು ಎದೆಗವಚಿಕೊಂಡು, ತೆರೆದ ಕಾರಿನ ಬಾಗಿಲನ್ನು ದಾಟಿ ನಡೆದಳು.

"ಅಣ್ಣ ಬಸ್ಸಲ್ಲಿ ಹೋದ. ನಾನೂ ಬಸ್ಸಲ್ಲೇ ಹೋಗ್ತೀನಿ. ಅವನ ಮನೇಲೇ, ಅವನ ಕೈಯಿಂದಾನೇ ಬಾಗಿನ ಇಸ್ಕೊತೀನಿ."

"ಹಬ್ಬದ ದಿನ ಮನೆ ಬಿಟ್ಟು ಹೋಗ್ತಾರೇನೇ?"

ಅವಳು ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಮರೆಯಾದಳು. ಮೋಹನ್‌ಬಾಬುವಿಗೆ ಮತ್ತೆ ಸಿಟ್ಟು ಉಕ್ಕಿ ಬಂತು. ಸುತ್ತ ನೋಡಿದ. ಬಯ್ಯಲು ಯಾರೂ ಉಳಿದಿರಲಿಲ್ಲ, ಕಾರು ಕೂಡ ಸರಿಯಾಗಿಯೇ ಇತ್ತು.